ಶುಭ ಶುಕ್ರವಾರದ ಸೂತಕ

ನಮ್ಮ ಮನೆಯ ಕುಕ್ಕರ್ ಬೆಳಿಗ್ಗೆ ಎಂಟಕ್ಕೆ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ದೊಡ್ಡಉಳ್ಳಾರ್ತಿಯ ಶಾಲೆಗೆ ಶಿಕ್ಷಕಿಯಾಗಿ ಬಂದು ಆರು ವರ್ಷವಾದರೂ, ನಾನು ಒಳಗಿದ್ದೇನೆ ಎಂಬುದಕ್ಕೆ ಊರಿಗೆ ಸಿಗುವ ಸುಳಿವು ಅದೊಂದೇ ಎಂದರೆ, ಗೆಳೆಯರೇ, ನನ್ನ ಒಂಟಿತನದ ಅಳತೆ ನಿಮಗೆ ಸಿಕ್ಕೀತು. ಈ ಸಲದ ಶುಭ ಶುಕ್ರವಾರ ಅದು ಕೂಗಲಿಲ್ಲ. ಉಪವಾಸವೇನೋ ನಿಜ, ಆದರೆ ಚಳ್ಳಕೆರೆಯ ಚರ್ಚಿಗೂ ಹೋಗದೆ, ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೆ.

ಅವ್ವ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಮ್ಮೆಲ್ಲರ ನೋವನ್ನು ಯೇಸು ಶಿಲುಬೆಯ ಮೇಲೆ ಹೊತ್ತನೆಂದು ನನಗೆ ಕಲಿಸಿದವಳೇ ಅವಳು. ಹೊತ್ತದ್ದು ನಿಜವಾದರೆ, ಕ್ಯಾನ್ಸರಿನ ಆ ಕಡೆಯ ತಿಂಗಳು ಅವಳ ಪಾಲಿಗೆ ಉಳಿದದ್ದು ಯಾರ ನೋವು? ಈ ಪ್ರಶ್ನೆಯನ್ನು ಒಡಲಲ್ಲಿಟ್ಟುಕೊಂಡು ಹಾಡುವವರ ನಡುವೆ ನಿಲ್ಲುವುದು ನನ್ನಿಂದಾಗಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಓಬಮ್ಮ ಬಾಗಿಲು ತಳ್ಳಿದಳು. ಕಾವಲಿನ ಹುಲ್ಲುಬಯಲಿನಲ್ಲಿ ಕುರಿ ಮೇಯಿಸುತ್ತಲೇ ಮುಪ್ಪಾದವಳು.

“ಯಾಕ್ರೀ ಮೇಡಂ, ಕುಕ್ಕರ್ ಕೂಗ್ಲಿಲ್ಲ? ಮೈಯಾಗೆ ಹುಷಾರಿಲ್ವಾ?”

“ಇವತ್ತು ನಮ್ಮ ದೇವ್ರು ಸತ್ತ ದಿನ, ಓಬಮ್ಮ.”

“ದೇವ್ರೂ ಸಾಯ್ತಾನಾ!” ಎಂದು ಹೊಸ್ತಿಲಲ್ಲೇ ಕೂತಳು. “ಅವ್ನಿಗೆ ಅವ್ವ ಇದ್ಲಾ?” ಎಂದಳು.

“ಇದ್ಲು. ಶಿಲುಬೆ ಕೆಳಗೇ ನಿಂತಿದ್ಲು.”

“ನಿಂತ್ಕಂಡು ನೋಡಾದೊಂದೇ ನಮ್ ಕೈಯಾಗೈತೆ. ನನ್ ಮಗಂಗೆ ಹಾವು ಮುಟ್ಟಿದಾಗ ನಾನೂ ಹಂಗೇ ನಿಂತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡು ಒಳಬಂದು ನನ್ನ ಪಕ್ಕದಲ್ಲಿ ಗೋಡೆಗೊರಗಿದಳು. “ಸಾವಿನ್ ಮನ್ಯಾಗೆ ಒಬ್ರೇ ಇರಬಾರ್ದು, ತಾಯಿ.”

ಆಗ ನಾನು ಅತ್ತುಬಿಟ್ಟೆ. ಅವ್ವನನ್ನು ಮಣ್ಣು ಮಾಡಿದ ದಿನವೂ ಬಾರದಿದ್ದ ಅಳು. ಓಬಮ್ಮ ಸಮಾಧಾನದ ಒಂದು ಮಾತೂ ಆಡಲಿಲ್ಲ; ಕೈ ಹಿಡಿದುಕೊಂಡಿದ್ದಳು, ಅಷ್ಟೇ. ಬಲಿ, ಪ್ರಾಯಶ್ಚಿತ್ತ, ವಿಮೋಚನೆ ಎಂದು ಬಾಯಿಪಾಠ ಮಾಡಿದ ಪದಗಳನ್ನು ನಾನು ಅಲ್ಲಗಳೆಯಲಾರೆ. ಆದರೆ ಅವುಗಳ ತಿರುಳು ನಾಲಿಗೆಗೆ ತಾಕಿದ್ದು ಆ ಮೌನದಲ್ಲಿ. ಕೈಬಿಟ್ಟೆಯಾ ಎಂದು ಶಿಲುಬೆಯ ಮೇಲಿಂದ ದೇವರೇ ದೇವರನ್ನು ಕೂಗಿ ಕೇಳಿದ ಮಧ್ಯಾಹ್ನ ಆ ಕೂಗಿಗೆ ಉತ್ತರ ಬರಲಿಲ್ಲ. ಉತ್ತರವಿಲ್ಲದೆ ನರಳುವವರ ಪಕ್ಕದಲ್ಲಿ ಕೂರಲೆಂದೇ ಅವನು ಅಷ್ಟು ಆಳಕ್ಕೆ ಇಳಿದು ಬಂದನೇನೋ. ಅವ್ವನ ಹಾಸಿಗೆಯ ಆಚೆ ಬದಿಯಲ್ಲೂ ಕೂತಿದ್ದನೇ? ಕೂತಿದ್ದನೆಂದು ನಂಬುವುದು ಅಂದು ಕೊಂಚ ಸುಲಭವೆನಿಸಿತು.

ಹೊರಡುವಾಗ ಓಬಮ್ಮ ಕೇಳಿದಳು: “ಮೂರ್ನೇ ದಿನಕ್ಕೆ ಮಣ್ ಮಾಡಿದ್ ಗುಡ್ಡೆಗೆ ಹಾಲುತುಪ್ಪ ಬಿಡ್ತೀರಾ?”

“ಇಲ್ಲ. ಮೂರನೇ ದಿನ ಅವ್ನು ಎದ್ದು ಬಂದ.”

ಅವಳು ನನ್ನ ಮುಖವನ್ನೇ ನೋಡಿದಳು. “ಎದ್ದೋನು ಮೊದ್ಲು ಅವ್ವನ್ನ ನೋಡಾಕೆ ಹೋದ್ನಾ?”

ಅದನ್ನು ಸುವಾರ್ತೆಗಳಲ್ಲಿ ಯಾರೂ ಬರೆದಿಟ್ಟಿಲ್ಲ. ಇಷ್ಟು ವರ್ಷ ನಾನೂ ಯಾರನ್ನೂ ಕೇಳಿರಲಿಲ್ಲ.

“ಹೋಗಿರ್ತಾನೆ, ಓಬಮ್ಮ,” ಎಂದೆ.