ಮೊದಲ ಗುಟುಕು ಸಂತನಿಗೆ

ಬ್ರಿಸ್ಬೇನಿನ ಟೂವಾಂಗ್‌ನ ನಮ್ಮ ಬೀದಿಯಲ್ಲಿ ಮಧ್ಯಾಹ್ನವಾದರೆ ಕುಟ್ಟಾಣಿಯ ಸದ್ದು ಕೇಳಿಸುತ್ತದೆ ಎಂದು ಮೊದಲು ಕಂಡುಹಿಡಿದವರು ನಮ್ಮ ದೊಡ್ಡಮ್ಮ. ವರ್ಷಗಳಿಂದ ಅದೇ ಮನೆಯಲ್ಲಿದ್ದ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಬಿದ್ದಿದ್ದರೂ ಯಾರೋ ಬೇಲಿ ರಿಪೇರಿ ಮಾಡುತ್ತಿದ್ದಾರೆ ಅಂದುಕೊಂಡಿರುತ್ತಿದ್ದೆ.

"ಸುತ್ತಿಗೆ ಅಲ್ಲ ಕಣೇ, ಕುಟ್ಟಾಣಿ," ಅಂದರು ದೊಡ್ಡಮ್ಮ. "ಹಸಿ ಎಲೆ ಜಜ್ಜುತಾ ಇದಾರೆ. ಒಣಗಿದ್ದಾದ್ರೆ ಸದ್ದು ಬೇರೆ ಇರುತ್ತೆ."

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಮೈಸೂರಿನ ಅವರ ಮನೆಯ ಜಗಲಿಯ ಮೇಲೆ ಬಿಟ್ಟುಹೋಗುತ್ತಿದ್ದಳು. ನನಗೆ ಬಂದಿರುವ ಕನ್ನಡವೆಲ್ಲ ಆ ಜಗಲಿಯದ್ದು. ಸಂಜೆ ನಾಲ್ಕಾದರೆ ದೊಡ್ಡಮ್ಮ, ದೊಡ್ಡಪ್ಪ ಎದುರುಬದುರು ಕೂತು ಕಾಫಿ ಕುಡಿಯುವರು. ಬೀದಿಯಲ್ಲಿ ಹೋಗುವವರ ನಡಿಗೆಯಿಂದ ಹಿಡಿದು ದೇಶದ ಪ್ರಧಾನಿಯವರೆಗೆ ಒಬ್ಬರನ್ನೂ ಬಿಡದೆ ಮಾತಾಡುವರು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅಂದಿನಿಂದ ಆ ನಾಲ್ಕರ ಕಾಫಿ ನಿಂತುಹೋಯಿತು. "ಒಬ್ಬಳೇ ಕುಡಿದ್ರೆ ಅದು ಕಷಾಯ," ಎನ್ನುತ್ತಿದ್ದರು.

ಮನಸ್ಸು ಬದಲಾಗಲಿ ಎಂದು ಮಕ್ಕಳು ಅವರನ್ನು ಇಲ್ಲಿಗೆ, ಆಸ್ಟ್ರೇಲಿಯಾಕ್ಕೆ, ಕರೆಸಿಕೊಂಡರು. ಮೊದಲು ಪರ್ತ್‌ನಲ್ಲಿ ಮಗನ ಮನೆ, ಆಮೇಲೆ ಅಡಿಲೇಡಿನ ಕಿಲ್ಬರ್ನ್‌ನಲ್ಲಿ ಮಗಳ ಮನೆ, ಕೊನೆಗೆ ಬ್ರಿಸ್ಬೇನಿನಲ್ಲಿ ನಾವು. ಪರ್ತ್ ಹೇಗಿತ್ತು ಎಂದು ಕೇಳಿದೆ. "ಸಮುದ್ರ ಚೆನ್ನಾಗಿದೆ. ಆದ್ರೆ ಎಷ್ಟು ಹೊತ್ತು ಅದರ ಮುಖ ನೋಡ್ಕೊಂಡು ಕೂತಿರಲಿ?" ಅಡಿಲೇಡು? "ಪಕ್ಕದ ಮನೆ ನಾಯಿ ನನ್ನ ಗುರುತು ಹಿಡೀತಿತ್ತು. ಅದರ ಯಜಮಾನರು ಹಿಡೀಲಿಲ್ಲ." ನಾನು ಇಂಡೂರೂಪಿಲ್ಲಿಯ ದೊಡ್ಡ ಮಾಲಿಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು ಹೋಗಿಬರುವವರನ್ನೆಲ್ಲ ನೋಡಿ, ಮನೆಗೆ ಬಂದ ಮೇಲೆ ಪರ್ತ್‌ನ ಮಗನಿಗೆ ಫೋನ್ ಮಾಡಿದರು. "ನನ್ನ ವಾಪಸ್ ಟಿಕೆಟ್ ಇನ್ನೂ ಬೇಗದ ತಾರೀಖಿಗೆ ಹಾಕಿಸಪ್ಪ. ಊರಿಗೆ ಹೋಗ್ಬಿಡ್ತೀನಿ. ಇಲ್ಲಿ ಮಾತಾಡ್ಸೋರಿಲ್ಲ."

ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಊರಿಗೆ ಹೋದರೂ ಅಲ್ಲಿರುವುದು ಅದೇ ಜಗಲಿ, ಎದುರಿಗೆ ಖಾಲಿ ಕುರ್ಚಿ. ಅವರಿಗೂ ಅದು ಗೊತ್ತಿತ್ತು. ತಡೆಯಬೇಕೆಂದರೆ ನನ್ನ ಹತ್ತಿರ ಏನಿತ್ತು? ಹಗಲೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತು ಮೀಟಿಂಗ್ ಮಾಡುವವಳು ನಾನು, ಮಗಳು ಶಾಲೆಯಲ್ಲಿ.

ಕುಟ್ಟಾಣಿಯ ಸದ್ದು ಕೇಳಿಸಿದ್ದು ಇಂಥ ಹೊತ್ತಿನಲ್ಲಿ. ದೊಡ್ಡಮ್ಮ ಬೇಲಿಯ ಹತ್ತಿರ ಹೋಗಿ ಇಣುಕಿದರು. ಪಕ್ಕದ ಮನೆಯಾಕೆ, ದೊಡ್ಡಮ್ಮನ ವಯಸ್ಸಿನವರೇ, ನರೆಗೂದಲನ್ನು ತುರುಬು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತು ಮರದ ಒರಳಿನಲ್ಲಿ ಸೊಪ್ಪು ಜಜ್ಜುತ್ತಿದ್ದರು. ಮಗಳ ಜೊತೆ ಬ್ರಿಸ್ಬೇನಿಗೆ ಬಂದು, ಮಗಳು ಬೇರೆ ಊರಿಗೆ ಹೋದ ಮೇಲೂ ಇಲ್ಲೇ ಉಳಿದವರು. ದಕ್ಷಿಣ ಅಮೆರಿಕದ ಪರಾಗ್ವೆ ಅವರ ದೇಶ. ಆವರೆಗೆ ನನಗೆ ಪರಾಗ್ವೆ ಎಂದರೆ ಫುಟ್‌ಬಾಲ್ ಪಂದ್ಯಗಳ ಪಟ್ಟಿಯಲ್ಲಿನ ಒಂದು ಹೆಸರು, ಅಷ್ಟೇ.

"ಮಜ್ಜಿಗೆ ಹುಲ್ಲು ಕಣೇ ಅದು, ವಾಸನೆ ನೋಡು," ಎಂದು ದೊಡ್ಡಮ್ಮ ನನ್ನನ್ನು ಹೊರಗೆ ಎಳೆದರು. "ಯಾಕೆ ಜಜ್ತಾರಂತೆ, ಕೇಳು."

ಕೇಳಿದೆ. ಸೊಪ್ಪನ್ನು ಜಜ್ಜಿ ಐಸ್ ನೀರಿಗೆ ಹಾಕಿ, ಆ ನೀರನ್ನು ಯೆರ್ಬಾ ಎಂಬ ಎಲೆಪುಡಿ ತುಂಬಿದ ಲೋಟಕ್ಕೆ ಸುರಿದು, ಲೋಹದ ಕೊಳವೆಯಲ್ಲಿ ಹೀರುತ್ತಾರಂತೆ. ತೆರೆರೆ ಎಂದು ಹೆಸರು. ಅವರ ದೇಶದಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಆಫೀಸಿನಲ್ಲಿ, ಮರದ ನೆರಳಿನಲ್ಲಿ, ಎಲ್ಲಿ ನೋಡಿದರೂ ಜನ ಅದನ್ನು ಹಿಡಿದುಕೊಂಡೇ ಇರುತ್ತಾರಂತೆ. ಯಾವ ಸೊಪ್ಪು ಮೈಗೆ ಉಷ್ಣ, ಯಾವುದು ತಂಪು ಎಂದು ಬೀದಿಬದಿಯಲ್ಲಿ ಸೊಪ್ಪು ಮಾರುವ ಹೆಂಗಸರೇ ಹೇಳಿಕೊಡುತ್ತಾರಂತೆ.

"ಉಷ್ಣ, ತಂಪು ಗೊತ್ತಾ ಅವರಿಗೆ?" ದೊಡ್ಡಮ್ಮನ ಮುಖದಲ್ಲಿ ಆ ಪ್ರಯಾಣದಲ್ಲೇ ಮೊದಲ ಬಾರಿ ಮೆಚ್ಚುಗೆ ಕಂಡಿತು. ಒಳಗೆ ಹೋಗಿ ನಮ್ಮ ಕುಂಡದಿಂದ ಒಂದು ಹಿಡಿ ದೊಡ್ಡಪತ್ರೆ ಕಿತ್ತು ತಂದು ಬೇಲಿಯ ಮೇಲಿಂದ ಕೊಟ್ಟರು. ಆಕೆ ಮೂಸಿ ನೋಡಿ ಕಣ್ಣರಳಿಸಿ, "ನಾಳೆ ಆರ್ವೋ ಬನ್ನಿ," ಅಂದರು. ಆರ್ವೋ ಎಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ. ಪರಾಗ್ವೆಯವರೂ ಅದನ್ನು ಕಲಿತುಬಿಟ್ಟಿದ್ದರು.

ಮರುದಿನ ನಾನು ರಜೆ ಹಾಕಿ ದುಭಾಷಿಯಾಗಿ ಹೋದೆ. ಜಕರಂಡದ ನೇರಳೆ ಹೂವು ಅವರ ಮೆಟ್ಟಿಲ ತುಂಬ ಉದುರಿತ್ತು. ಆಕೆ ಲೋಟಕ್ಕೆ ನೀರು ಸುರಿದು ದೊಡ್ಡಮ್ಮನ ಕೈಗಿಟ್ಟರು. ದೊಡ್ಡಮ್ಮ ಕೊಳವೆ ನೋಡಿ, "ನನ್ನ ಆದ್ಮೇಲೆ ಯಾರು ಕುಡೀತಾರೆ?" ಎಂದರು. ನಾನು, ಆಮೇಲೆ ಆಕೆ, ಮತ್ತೆ ನೀವು, ಎಂದೆ.

"ಇದೇ ಕೊಳವೇಲಾ?"

"ಇದೇ ಕೊಳವೇಲಿ."

ದೊಡ್ಡಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ವಿಮಾನದಲ್ಲಿ ಕೊಟ್ಟ ಪ್ಲಾಸ್ಟಿಕ್ ಕಪ್ಪನ್ನೂ ತುಟಿಗೆ ಸೋಕಿಸದೆ ಎತ್ತಿ ಕುಡಿದು ಬಂದವರು ಅವರು. ಜೀವಮಾನದಲ್ಲಿ ದೊಡ್ಡಪ್ಪನ ಎಂಜಲನ್ನೂ ಮುಟ್ಟಿರಲಿಲ್ಲ. ಎಂಜಲಿನ ವಿಷಯವನ್ನು ನಾನು ಇಂಗ್ಲಿಷಿನಲ್ಲಿ ಹೇಗೋ ವಿವರಿಸಿದೆ. ಪರಾಗ್ವೆಯಮ್ಮ ಮಾತ್ರ ಬೇಸರಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಒಂದು ಗಾಜಿನ ಲೋಟ ತಂದು ಆ ತಂಪು ನೀರನ್ನೇ ಬೇರೆಯಾಗಿ ಕೊಟ್ಟರು. ದೊಡ್ಡಮ್ಮ ಎತ್ತಿ ಒಂದೇ ಸಲಕ್ಕೆ ಮುಗಿಸಿದರು. ಮುಗಿದ ಮೇಲೆ ಕೈಯಲ್ಲಿ ಕೆಲಸವಿಲ್ಲ. ನಾವಿಬ್ಬರು ಸರದಿಯಲ್ಲಿ ಹೀರುವುದನ್ನು ನೋಡುತ್ತ ಕೂತರು.

ಮನೆಗೆ ಬರುವಾಗ ಹೇಳಿದರು: "ಹೋಟ್ಲಲ್ಲಿ ಪಕ್ಕದ ಟೇಬಲ್ಲಿಗೆ ಕೂತ ಹಾಗಾಯ್ತು."

ಆದರೂ ಅವರು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಮಧ್ಯಾಹ್ನ ನಾನು ಹೆಡ್‌ಫೋನ್ ತೆಗೆದಿಟ್ಟು ಜೊತೆಗೆ ಹೋಗಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಪರಾಗ್ವೆಯಮ್ಮ ತಮ್ಮ ದೇಶದ ಕಥೆ ಹೇಳುವರು, ನಾನು ಕನ್ನಡಕ್ಕೆ ಇಳಿಸುವೆನು, ದೊಡ್ಡಮ್ಮ ತೀರ್ಪು ಕೊಡುವರು. ನಾಲ್ಕೂ ದಿಕ್ಕಿಗೆ ನೆಲವೇ ಇರುವ, ಸಮುದ್ರದ ಹನಿಯೂ ಇಲ್ಲದ ದೇಶವಂತೆ, ಆದರೂ ನೌಕಾಪಡೆ ಇದೆಯಂತೆ. ಹಡಗುಗಳೆಲ್ಲ ನದಿಯಲ್ಲೇ ಓಡಾಡುತ್ತವಂತೆ. "ಇರೋದ್ರಲ್ಲೇ ಮಾಡ್ಕೊಂಡಿದಾರೆ, ಗಟ್ಟಿಗರು," ಎಂದರು ದೊಡ್ಡಮ್ಮ. ಬಾವುಟದ ಮುಂದೊಂದು ಚಿತ್ರ, ಹಿಂದೊಂದು ಚಿತ್ರವಂತೆ. "ಸೀರೆಗೆ ಎರಡು ಕಡೆ ಬಾರ್ಡರ್ ಇದ್ದ ಹಾಗೆ. ಚೆಂದ." ಸೂಪ್ ಎಂದು ಕರೆಯುವ ಅವರ ತಿಂಡಿಯನ್ನು ಚಾಕುವಿನಲ್ಲಿ ಕತ್ತರಿಸಿ ತಿನ್ನುತ್ತಾರೆ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ರೊಟ್ಟಿ ಅದು ಎಂದಾಗ ಮಾತ್ರ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಅನ್ನಕ್ಕೆ ಏನು ಕಲಸ್ಕೊಳ್ತಾರೆ ಪಾಪ?"

ಒಂದು ದಿನ ಆಕೆ ಜೇಡರ ಬಲೆಯಂಥ ಒಂದು ಕಸೂತಿ ಬಟ್ಟೆ ತೋರಿಸಿದರು. ಅವರ ತಾಯಿ ಹಾಕಿದ್ದಂತೆ. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು, ಮಡಿಲಲ್ಲಿ ಹರಡಿ, ಬೆರಳಿನಿಂದ ಎಳೆ ಎಳೆಯನ್ನೂ ಹಿಂಬಾಲಿಸಿದರು. ತೀರ್ಪು ಕೊಡುವುದನ್ನೇ ಮರೆತರು. ಅದರ ಅರ್ಥ ನನಗೆ ಗೊತ್ತಿತ್ತು. ಪರಾಗ್ವೆಯಮ್ಮನಿಗೂ ಗೊತ್ತಾಯಿತು.

ನನಗೆ ಬೆರಗು ಹುಟ್ಟಿಸಿದ್ದು ಅವರ ಭಾಷೆಯ ಕಥೆ. ಸ್ಪ್ಯಾನಿಷರು ಬಂದು ಆಳಿದರೂ, ಅದಕ್ಕೆ ಮೊದಲಿದ್ದ ಜನರ ಗುವರಾನಿ ನುಡಿ ಅಲ್ಲಿ ಸಾಯಲಿಲ್ಲ. ಬಿಳಿಯ ಮನೆತನದವರೂ ಅದನ್ನೇ ಆಡುತ್ತಾರೆ. ಆಕೆ ನಗುತ್ತ ಹೇಳಿದ್ದು: "ಶಾಲೆಯ ಲೆಕ್ಕ ಸ್ಪ್ಯಾನಿಷಿನಲ್ಲಿ. ಬೈಯುವುದು, ಮುದ್ದು ಮಾಡುವುದು ಗುವರಾನಿಯಲ್ಲಿ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಬುದ್ಧಿವಂತರು. ನಿನ್ನ ಮಗಳಿಗೆ ಒಂದು ಬೈಗುಳಾನಾದ್ರೂ ಕಲಿಸಿದೀಯೇನೇ? ಬೈದ್ರೆ ಸಾರಿ ಅಜ್ಜಿ ಅಂತಾಳೆ."

ಆದರೆ ಲೋಟ ಸುತ್ತು ಹೊರಟಿತೆಂದರೆ ದೊಡ್ಡಮ್ಮ ಹೊರಗಿನವರು. ಆ ಪಾನೀಯದ ಕ್ರಮವೇ ಹಾಗೆ. ಒಬ್ಬರು ಹೀರುವವರೆಗೆ ಇನ್ನೊಬ್ಬರು ಮಾತಾಡಬೇಕು, ಲೋಟ ಬಂದಾಗ ನಿಲ್ಲಿಸಬೇಕು. ಗಾಜಿನ ಲೋಟದವರಿಗೆ ಆ ಲಯ ಸಿಗದು. ಟಿಕೆಟ್ ಏನಾಯಿತು ಎಂದು ಅವರು ಪರ್ತ್‌ಗೆ ಫೋನ್ ಮಾಡುವುದೂ ನಿಂತಿರಲಿಲ್ಲ. ಸೀಟು ನೋಡ್ತಿದೀನಿ ಅಮ್ಮ, ಎನ್ನುತ್ತಿದ್ದ ಮಗ.

ಅವತ್ತು ಸೆಕೆ ಜಾಸ್ತಿ ಇತ್ತು. ಬೇಗ ಹೋದೆವು. ಅದಕ್ಕೆ ಮುಂಚೆ ನಾವು ಯಾವಾಗಲೂ ಲೋಟ ಸಿದ್ಧವಾದ ಮೇಲೆಯೇ ಹೋಗುತ್ತಿದ್ದವರು. ಪರಾಗ್ವೆಯಮ್ಮ ಯೆರ್ಬಾ ತುಂಬಿ, ಕೊಳವೆ ನಿಲ್ಲಿಸಿ, ಮೊದಲ ನೀರು ಸುರಿದು, ಲೋಟವನ್ನು ಹಾಗೇ ಬಿಟ್ಟರು. ಯಾರೂ ಮುಟ್ಟಲಿಲ್ಲ. ನೀರು ತಾನಾಗಿ ಒಳಗಿಳಿಯಿತು.

"ಅದ್ಯಾಕೆ ಯಾರೂ ಕುಡೀಲಿಲ್ಲ?" ದೊಡ್ಡಮ್ಮ ಕೇಳಿದರು.

ನಾನು ಕೇಳಿ ಹೇಳಿದೆ. ಮೊದಲನೆಯದು ಸಂತ ತೋಮಾಸನಿಗಂತೆ. ಅವನು ಕುಡಿದಾದ ಮೇಲೆ ಮನುಷ್ಯರಿಗಂತೆ. ಅವರ ಅಜ್ಜಿಯ ಕಾಲದಿಂದಲೂ ಹಾಗೆಯೇ ಅಂತೆ.

ದೊಡ್ಡಮ್ಮ ಬಗ್ಗಿ ಲೋಟದೊಳಗೆ ಇಣುಕಿದರು. "ಅಂದ್ರೆ ನೈವೇದ್ಯ ಆಯ್ತು."

"ಹಾಗೇ ಅನ್ನಿ."

"ನೈವೇದ್ಯ ಆದ್ಮೇಲೆ ಅದು ತೀರ್ಥ. ತೀರ್ಥಕ್ಕೆ ಎಂಥಾ ಎಂಜಲೇ?"

"ಕೊಳವೆ ಒಂದೇ ಅಲ್ವಾ ದೊಡ್ಡಮ್ಮ?"

"ದೇವಸ್ಥಾನದಲ್ಲಿ ತೀರ್ಥ ಕೊಡೋ ಉದ್ಧರಣೆ ಒಂದೇ ಅಲ್ವಾ?"

"ಉದ್ಧರಣೇನ ಯಾರೂ ಬಾಯಿಗೆ ಇಟ್ಕೊಳಲ್ಲ."

"ನೀನು ಸುಮ್ನಿರು. ಮೊದಲಿಂದ ನಿಂಗೆ ವಾದ ಜಾಸ್ತಿ," ಎಂದು ಸೆರಗಿನಿಂದ ತುಟಿ ಒರೆಸಿಕೊಂಡು ಕೈ ಚಾಚಿದರು.

ಪರಾಗ್ವೆಯಮ್ಮನಿಗೆ ನಮ್ಮ ವಾದ ಒಂದಕ್ಷರವೂ ತಿಳಿಯಲಿಲ್ಲ. ಚಾಚಿದ ಕೈ ತಿಳಿಯಿತು. ಎರಡನೆಯ ನೀರು ಸುರಿದು ಲೋಟವನ್ನು ಆ ಕೈಯಲ್ಲಿಟ್ಟರು. ದೊಡ್ಡಮ್ಮ ಕಣ್ಣು ಮುಚ್ಚಿ ಹೀರಿದರು. "ಕಹಿ," ಎಂದರು. ತಳದವರೆಗೆ ಹೀರಿ, ಲೋಟ ವಾಪಸು ಕೊಟ್ಟು, ಆಕೆ ಕುಡಿಯುತ್ತಿರುವಾಗ ಕನ್ನಡದಲ್ಲಿ ಏನೋ ಶುರುಮಾಡಿದರು. ದೊಡ್ಡಪ್ಪನಿಗೆ ಸಕ್ಕರೆ ಹೆಚ್ಚು ಬೇಕಿತ್ತು ಎಂಬ ಕಥೆ. ನಾನು ಅನುವಾದಕ್ಕೆ ಬಾಯಿ ತೆರೆದೆ, ಪರಾಗ್ವೆಯಮ್ಮ ಬೇಡವೆಂದು ಕೈ ಆಡಿಸಿದರು. ಅವರ ಉತ್ತರ ಗುವರಾನಿಯಲ್ಲಿ ಬಂತು. ದೊಡ್ಡಮ್ಮ ತಲೆದೂಗಿದರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಮೀಟಿಂಗಿಗೆ ಎದ್ದು ಬಂದೆ.

ಕೆಲವು ದಿನ ಕಳೆದು ಪರ್ತ್‌ನಿಂದ ನನ್ನ ಫೋನಿಗೇ ಕರೆ ಬಂತು. ಸೀಟು ಸಿಕ್ಕಿತ್ತು, ಬರುವ ವಾರವೇ. ಅಮ್ಮ ಹ್ಞೂಂ ಅಂದರೆ ಟಿಕೆಟ್ ಬದಲಾಯಿಸಿಬಿಡುತ್ತಾನಂತೆ. ಫೋನ್ ಹಿಡಿದು ಪಕ್ಕದ ಮನೆಗೆ ಓಡಿದೆ. ಮೆಟ್ಟಿಲ ಮೇಲೆ ಪರಾಗ್ವೆಯಮ್ಮ ಕೊಳವೆಯಲ್ಲಿ ಹೀರುತ್ತಿದ್ದರು. ದೊಡ್ಡಮ್ಮ ಕೈ ತಿರುಗಿಸಿ ತಿರುಗಿಸಿ ಯಾರದೋ ಮದುವೆಯ ಜಗಳ ಬಣ್ಣಿಸುತ್ತಿದ್ದರು, ಕನ್ನಡದಲ್ಲೇ. ಫೋನ್ ಕೊಟ್ಟೆ. ಮಗ ಹೇಳಿದ್ದನ್ನು ಕೇಳಿದರು.

"ಬರೋ ವಾರ ಬೇಡಪ್ಪ. ಇದ್ದ ತಾರೀಖೇ ಇರಲಿ," ಎಂದರು. ಅವನು ಆ ಕಡೆಯಿಂದ ಇನ್ನೂ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಲೋಟ ತುಂಬಿತ್ತು.

"ಆಮೇಲೆ ಮಾತಾಡ್ತೀನಿ, ಇಡು," ಎಂದರು ದೊಡ್ಡಮ್ಮ. "ನನ್ನ ಸರದಿ ಬಂತು."