ಓಬಕ್ಕನ ಹೆಬ್ಬೆಟ್ಟಿನ ಮೇಲೆ ನಾನು ಬರೆದದ್ದು

ಓಬಕ್ಕ ಹೇಳಿದ್ದನ್ನು ನಾನು ಬರೆಯಲಿಲ್ಲ. ಅವಳ ಹೆಬ್ಬೆಟ್ಟಿನ ಗುರುತಿದ್ದ ಚೀಟಿಯ ಮೇಲೆ ಅವಳು ಹೇಳದ ಮಾತನ್ನು ಬರೆದೆ. ಹೇಳಿದ ಮಾತನ್ನು ನನ್ನದೆಂದು ಸಭೆಯಲ್ಲಿ ಹೇಳಿದೆ. ಅವಳು ಕೇಳಿದ್ದ ಒಂದೇ ಒಂದು ಪ್ರಶ್ನೆಯನ್ನು ತಲುಪಬೇಕಾದವರಿಗೆ ತಲುಪಿಸಲೇ ಇಲ್ಲ — ತಲುಪಿಸಿದ್ದೇನೆ ಎಂದು ಎರಡು ವರ್ಷ ನಂಬಿಸಿದೆ. ಅದರಿಂದ ಒಂದು ಹೆಣ್ಣಿನ ಬಾಳು ಆಗಬಹುದಾಗಿದ್ದಂತೆ ಆಗಲಿಲ್ಲ. ಹತ್ತು ವರ್ಷದಿಂದ ಇದು ನನ್ನೊಬ್ಬನಿಗೇ ಗೊತ್ತು.

ಜಗಳೂರಿನ ನಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು, ರಜದಲ್ಲಿ ಶೇಂಗಾ ಚೀಲ ಹೊತ್ತು, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದವನು. ಯಾರೂ ಅದನ್ನು ನನ್ನ ಕೈಗೆ ಎತ್ತಿ ಕೊಡಲಿಲ್ಲ. ಕೇರಿಯ ಕಾಗದ, ಅರ್ಜಿ, ಮನಿಯಾರ್ಡರು ಎಲ್ಲ ನಾನೇ ಬರೆಯುತ್ತಿದ್ದೆ. ನಮ್ಮಲ್ಲೊಂದು ರೂಢಿಯಿತ್ತು: ಜನ ಮೊದಲು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿ, ಆಮೇಲೆ ಮಾತು ಹೇಳಿ, ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಬರೆಯುವುದು ನನಗೆ ಬಿಟ್ಟದ್ದು. ನಂಬಿಕೆ ಎಂಬ ಪದವನ್ನು ಅದಕ್ಕೆ ಯಾರೂ ಬಳಸುತ್ತಿರಲಿಲ್ಲ, ಅಷ್ಟು ಸಹಜವಾಗಿತ್ತು ಅದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯ ಕೆಲವರು ಒಂದು ಭಾನುವಾರ ನಮ್ಮೂರ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಒಂದು ಸಿನಿಮಾ ತಂದರು. ಹೆಸರು ಹೇಳುವುದಿಲ್ಲ. ಟಿಕೆಟ್ಟಿಲ್ಲ, ಯಾರು ಬೇಕಾದರೂ ಬರಬಹುದು. ಆಟ ಬಿಟ್ಟ ಮೇಲೆ ನೋಡಿದವರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಅವು ಬೆಂಗಳೂರಿಗೆ, ಸಿನಿಮಾ ಮಾಡಿದವರ ಕೈಗೇ ಹೋಗುತ್ತವೆ ಎಂದರು. ಬರೆಯಲು ಬಾರದವರ ಚೀಟಿ ಬರೆಯುವ ಕೆಲಸ ನನಗೆ ಬಂತು. ಕುರಿ ಕಾಯುವವನ ಹೆಂಡತಿಯ ಕತೆಯಂತೆ ಎಂದು ಕೇರಿಯ ಹೆಂಗಸರೆಲ್ಲ ಬಂದರು. ಓಬಕ್ಕನೂ ಬಂದಳು.

ಓಬಕ್ಕ ನಮ್ಮ ಮನೆಯಿಂದ ಮೂರನೇ ಮನೆಯವಳು. ಆಗ ಅವಳಿಗೆ ಮೂವತ್ತರ ಆಚೀಚೆ. ಮಕ್ಕಳಿಲ್ಲ. ಗಂಡ ಊರವರ ಕುರಿಮಂದೆಯ ಜೊತೆ ಚನ್ನಗಿರಿ ಕಡೆಯ ನೀರಾವರಿ ಹೊಲಗಳಿಗೆ ಹೋದವನು. ಮಂದೆ ಬಂತು, ಅವನು ಬರಲಿಲ್ಲ. ಹೊನ್ನಾಳಿ ಸಂತೆಯಲ್ಲಿ ಕಂಡೆ ಎಂದರು ಒಬ್ಬರು. ಹೊಳೆಯಲ್ಲಿ ಹೋದ ಎಂದರು ಇನ್ನೊಬ್ಬರು. ಹೀಗೇ ಏಳು ವರ್ಷ. ಸಾಸ್ವೆಹಳ್ಳಿಯಲ್ಲಿ ಹೆಂಡತಿ ಸತ್ತ ಒಬ್ಬ ರೈತ, ಒಳ್ಳೆಯವನು, ಅವಳನ್ನು ಕೂಡಿಕೆ ಮಾಡಿಕೊಳ್ಳುತ್ತೇನೆ ಎಂದು ತನ್ನ ಸೋದರತ್ತೆಯನ್ನು ಕಳಿಸಿ ಕೇಳಿಸಿದ್ದ. ಗಂಡನಿಲ್ಲದ ಹೆಣ್ಣಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ತಪ್ಪಲ್ಲ. ಆದರೆ ಓಬಕ್ಕ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ.

ಸಿನಿಮಾದಲ್ಲಿ ಹಾಡಿಲ್ಲ, ಬಡಿದಾಟವಿಲ್ಲ, ಮಾತು ಕೂಡ ಬೆರಳೆಣಿಕೆಯಷ್ಟು. ಗಂಡ ಮಂದೆಯ ಜೊತೆ ಹೋಗುತ್ತಾನೆ. ಹೆಂಡತಿ ಕಸ ಗುಡಿಸುತ್ತಾಳೆ, ನೀರು ತರುತ್ತಾಳೆ, ಹರಿದ ಕಂಬಳಿ ಹೊಲಿಯುತ್ತಾಳೆ — ಕಂಬಳಿ ಹೊಲಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಹೊಲಿಯುತ್ತಾಳೆ. ಕೊನೆಗೆ ಒಂದು ಮುಚ್ಚಿದ ಬಾಗಿಲು. ಒಳಗಿನಿಂದ ಕಟ್ ಎಂದು ಒಂದು ಸದ್ದು. ಆಮೇಲೆ ಬಾಗಿಲು, ಬರೀ ಬಾಗಿಲು, ಎಷ್ಟು ಹೊತ್ತಾದರೂ ಬಾಗಿಲು.

ಟಾಕೀಸು ಎರಡು ಹೋಳಾಯಿತು. ಮುಂದಿನ ಬೆಂಚುಗಳಿಂದ ಸಿಳ್ಳೆ ಎದ್ದವು. ಆಪರೇಟರ್ ನಿದ್ದೆ ಹೋಗ್ಯಾನ, ಎಬ್ಬಿಸ್ರೋ ಎಂದ ಒಬ್ಬ. "ಬಾಗಿಲು ತೆಗಿ ತಾಯಿ, ನಾವೂ ಮನಿಗೆ ಹೋಗ್ಬೇಕು" ಎಂದ ಇನ್ನೊಬ್ಬ. ಇಡೀ ಮುಂಭಾಗ ನಕ್ಕಿತು. ಲೆಕ್ಕದ ಮೇಷ್ಟ್ರು ಅರ್ಧಕ್ಕೇ ಎದ್ದು ಹೋಗಿದ್ದರು. ಕುರ್ಚಿಯ ಮೇಲಿನ ವಕೀಲರೊಬ್ಬರು ಆಗಾಗ ಎಚ್ಚರಾದಾಗ ಕಲಾತ್ಮಕ, ಕಲಾತ್ಮಕ ಎನ್ನುತ್ತಿದ್ದರು. ನಾನು ಕುರ್ಚಿಯ ಮೇಲೆಯೇ ಇದ್ದೆ. ನನಗೆ ಏನೂ ಅರ್ಥವಾಗಿರಲಿಲ್ಲ — ಒಂದಕ್ಷರವೂ. ಸಿಳ್ಳೆ ಹಾಕಲು ಪದವಿ ಬಿಡಲಿಲ್ಲ. ಹೊಗಳಲು ಒಳಗೇನೂ ಇರಲಿಲ್ಲ. ಎರಡು ಕಡೆಗೂ ಸೇರದೆ ಕೂತಿದ್ದವರು ನಮ್ಮ ಕೇರಿಯ ಹೆಂಗಸರು ಮಾತ್ರ. ಅವರು ಮಿಸುಕಾಡದೆ ನೋಡುತ್ತಿದ್ದರು.

ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಚೀಟಿ ಬರೆಯುತ್ತಿದ್ದೆ. ಓಬಕ್ಕ ಎಲ್ಲರೂ ಹೋಗುವ ತನಕ ನಿಂತಿದ್ದು ಬಂದಳು. ಮಸಿಗೆ ಹೆಬ್ಬೆಟ್ಟು ಒತ್ತಿದಳು, ಖಾಲಿ ಚೀಟಿಗೆ ಒತ್ತಿದಳು.

"ಬರ್ಕೋ ತಮ್ಮ. ಆ ಹೆಣ್ಮಗಳು ಅಷ್ಟು ದಿನ ಬಾಗಿಲು ಬರೀ ಮುಂದಕ್ಕೆ ಮಾಡ್ತಿದ್ಲು, ಚಿಲಕ ಹಾಕಿರ್ಲಿಲ್ಲ. ಗಂಡ ಯಾವಾಗ ಬಂದ್ರೂ ದೂಡಿದ್ರೆ ಸಾಕು, ತೆಕ್ಕೋಬೇಕು ಅಂತ. ಇವತ್ತು ಹಾಕಿದ್ಲು. ಚಿಲಕ ಹಾಕಾಕೆ ಅವಳಿಗೆ ಎಷ್ಟು ವರ್ಷ ಹಿಡೀತೋ ಏನೋ. ನೋಡೋರಿಗೂ ಒಂಚೂರು ಹೊತ್ತು ಹಿಡೀಲಿ ಅಂತ ಬಾಗಿಲು ತೋರಿಸ್ಯಾರೆ."

ನನ್ನ ಪೆನ್ನು ಚೀಟಿಗೆ ಇಳಿಯಲೇ ಇಲ್ಲ. ಆ ಸದ್ದು ನನಗೂ ಕೇಳಿಸಿತ್ತು, ಚಿಲಕದ್ದೆಂದೂ ತಿಳಿದಿತ್ತು. ಅಲ್ಲಿಯವರೆಗೆ ಆ ಸದ್ದು ಇರಲಿಲ್ಲ ಎಂಬುದನ್ನು ಗಮನಿಸಿರಲಿಲ್ಲ.

ಅವಳು ಮೇಜಿಗೆ ಇನ್ನಷ್ಟು ಹತ್ತಿರ ಬಂದಳು. "ಒಂದು ಮಾತು ಕೇಳಿ ಬರಿ. ಆಮೇಲೆ ಅವ ಬಂದ್ನಾ? ಬಂದು ಬಾಗಿಲು ಬಡಿದ್ನಾ? ಇಷ್ಟು ಗೊತ್ತಿದ್ದು ಸಿನಿಮಾ ಮಾಡಿದೋನಿಗೆ ಅದೂ ಗೊತ್ತಿರತೈತೆ. ಸಾಸ್ವೆಹಳ್ಳಿಯೋರಿಗೆ ನಾ ಏನಾದ್ರೂ ಹೇಳ್ಬೇಕಲ್ಲ ತಮ್ಮ."

ಬರೀತೀನಿ, ನೀ ಹೋಗಕ್ಕ ಎಂದೆ. ಬರೆಯುವುದೆಂದೇ ಇದ್ದೆ — ಹೀಗೆನ್ನುವಾಗಲೂ ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಮಧ್ಯಾಹ್ನ ಹೈಸ್ಕೂಲಿನಲ್ಲಿ ಚರ್ಚೆ. ಓದಿದವರಿಗೆ ಮಾತ್ರ. ಅರ್ಧ ಜನ ಇದೂ ಒಂದು ಸಿನಿಮಾವೇ ಎಂದು ಜರೆದರು, ಇನ್ನರ್ಧ ನಿಮಗೆ ಅಭಿರುಚಿಯಿಲ್ಲ ಎಂದು ಅವರನ್ನು ಜರೆದರು. ದಾವಣಗೆರೆಯಿಂದ ಬಂದಿದ್ದ ಪ್ರೊಫೆಸರರು ಕೈಯೆತ್ತಿ, ಅದಿರಲಿ, ಕೊನೆಯ ಬಾಗಿಲಿನ ಅರ್ಥ ಯಾರು ಹೇಳುತ್ತೀರಿ ಎಂದರು. ವಕೀಲರು ನೆಲ ನೋಡಿದರು. ನಾನು ಎದ್ದು ನಿಂತೆ. ಓಬಕ್ಕನ ಮಾತನ್ನೇ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕಾಯುವಿಕೆ, ಕಾಲ, ಪ್ರೇಕ್ಷಕನೂ ತೆರಬೇಕಾದ ಬೆಲೆ... ಏನೇನೋ ಸೇರಿಸಿದೆ. ಪ್ರೊಫೆಸರರು ಬಂದು ಬೆನ್ನು ತಟ್ಟಿದರು. ನನ್ನ ಅಪ್ಪನನ್ನು ಜಗಲಿ ಹತ್ತಿಸದ ಮನೆಯವರು ಎದ್ದು ಕೈ ಕುಲುಕಿದರು. ಆ ಕೈಗಳು — ಅವುಗಳ ಬಿಸಿ ನನಗೆ ಇನ್ನೂ ನೆನಪಿದೆ.

ಆಮೇಲೆ ಚೀಟಿಗಳ ಕಟ್ಟು ಕೊಡಬೇಕಿತ್ತು. ಓಬಕ್ಕನ ಚೀಟಿಯಲ್ಲಿ ಹೆಬ್ಬೆಟ್ಟು ಮಾತ್ರ ಇತ್ತು. ಅವಳು ಹೇಳಿದ್ದು ಅಲ್ಲಿದ್ದರೆ ಪ್ರೊಫೆಸರರ ಕಣ್ಣಿಗೆ ಬೀಳುತ್ತದೆ. ಹೈಸ್ಕೂಲಿನ ಜಗಲಿಯಲ್ಲಿ ನಿಂತೇ ಬರೆದೆ: "ಅರ್ಥವಾಗಲಿಲ್ಲ. ಹಾಡು ಇಲ್ಲ. ಬೇಸರವಾಯಿತು." ಎಲ್ಲರಿಗಿಂತ ಹೆಚ್ಚು ಅರ್ಥವಾಗಿದ್ದವಳ ಹೆಬ್ಬೆಟ್ಟಿನ ಮೇಲೆ, ಅರ್ಥವಾಗದವನು ತನ್ನ ಅಭಿಪ್ರಾಯ ಬರೆದ.

ಪ್ರಶ್ನೆಯನ್ನಾದರೂ ಬೇರೆ ಕಾಗದದಲ್ಲಿ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ಉತ್ತರ ಬಂದರೆ ಅವಳ ಮಾತೂ ಹೊರಗೆ ಬರುತ್ತದೆ ಎಂಬ ಭಯ.

ನನ್ನ ಭಾಷಣ ಪತ್ರಿಕೆಯೊಂದರಲ್ಲಿ ಲೇಖನವಾಯಿತು. ನಾನು ಚನ್ನಗಿರಿಗೆ ಮೇಷ್ಟ್ರಾಗಿ ಹೋದೆ. ಆ ಸಿನಿಮಾ ಎಲ್ಲಿ ತೋರಿಸಿದರೂ ನನ್ನನ್ನು ಕರೆಯುತ್ತಿದ್ದರು. ನ್ಯಾಮತಿಯಲ್ಲಿ ಜನ ಸಿಳ್ಳೆ ಹಾಕಿದಾಗ, ನಿಮಗೆ ಕಾಯಲು ಬರುವುದಿಲ್ಲ ಎಂದು ವೇದಿಕೆಯಿಂದ ಗದರಿಸಿದ್ದೇನೆ. ಊರಿಗೆ ಹೋದಾಗಲೆಲ್ಲ ಓಬಕ್ಕ ಬರುತ್ತಿದ್ದಳು, ಉತ್ತರ ಬಂತಾ ತಮ್ಮ ಎನ್ನುತ್ತಿದ್ದಳು. ಬೆಂಗಳೂರಿನವರು, ಪುರುಸೊತ್ತಿರುವುದಿಲ್ಲ ಎನ್ನುತ್ತಿದ್ದೆ. ಅವಳು ಸಾಸ್ವೆಹಳ್ಳಿಯವರಿಗೆ, ಒಂದು ಕಾಗದ ಬರಬೇಕು, ಬರಲಿ ಎಂದು ಹೇಳಿ ಕಳಿಸುತ್ತಿದ್ದಳು.

ಎರಡನೇ ವರ್ಷ ಹೊನ್ನಾಳಿಯಲ್ಲಿ ಭಾಷಣ. ಮುಗಿಸುವಾಗ ನೋಡುತ್ತೇನೆ — ಬಾಗಿಲ ಹತ್ತಿರ ಓಬಕ್ಕ ಕೂತಿದ್ದಾಳೆ, ತೊಡೆಯ ಮೇಲೆ ಬಟ್ಟೆ ತುಂಬಿದ ಚೀಲ. ಈ ತಿಂಗಳಲ್ಲಿ ಹೇಳದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಆ ಕಡೆಯವರು ಹೇಳಿಕಳಿಸಿದ್ದರಂತೆ. ಅವಳು ಸಾಸ್ವೆಹಳ್ಳಿಗೆ ಹೊರಟು, ಹೊನ್ನಾಳಿಯಲ್ಲಿ ನನ್ನ ಭಾಷಣವಿದೆಯೆಂದು ನಮ್ಮ ಮನೆಯವರಿಂದ ತಿಳಿದು, ದಾರಿಯಲ್ಲಿ ನನ್ನನ್ನು ಕೇಳಿಯೇ ಹೋಗೋಣವೆಂದು ಇಳಿದಿದ್ದಳು. ನಾನು ಆಡಿದ್ದನ್ನೆಲ್ಲ ಕೇಳಿದ್ದಳು. ಅವಳ ಮಾತೇ ಅದು.

ಸಿಟ್ಟಿನ ಒಂದು ಗೆರೆಯೂ ಇರಲಿಲ್ಲ ಅವಳ ಮುಖದಲ್ಲಿ. "ಚಂದ ಹೇಳ್ದೆ ತಮ್ಮ, ನನಗಿಂತ ಚಂದ ಹೇಳ್ದೆ. ನಾ ಕೇಳಿದ್ದು ಮಾತ್ರ ಬಿಟ್ಯಲ್ಲ?"

ಹಿಂದೆಯೇ ಆ ಪ್ರೊಫೆಸರರು ನಿಂತಿದ್ದರು. ಯಾರ್ರೀ ಇವರು ಎಂದರು. ನಮ್ಮೂರಿನವರು ಸಾರ್ ಎಂದು ಅವಳನ್ನು ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದೆ. ಆಗಲಾದರೂ... ಎರಡು ಮಾತು ಸಾಕಾಗಿತ್ತು. ಕಳಿಸಿಲ್ಲ ಅಕ್ಕ, ನೀನು ಹೋಗು. ಅಷ್ಟೇ. ನಾನು ಹೇಳಿದ್ದು ಇದು:

"ಇನ್ನೂ ಬಂದಿಲ್ಲ. ಇನ್ನೊಂಚೂರು ಕಾಯಿ ಅಕ್ಕ."

"ಕಾಯಾಕೇನು, ರೂಢಿ ಐತೆ" ಎಂದಳು. ಸ್ವಲ್ಪ ಹೊತ್ತು ಚೀಲವನ್ನು ಎದೆಗೆ ಹಿಡಿದು ನಿಂತಳು. ರಸ್ತೆಯ ಈ ಬದಿಯಲ್ಲಿ ಸಾಸ್ವೆಹಳ್ಳಿ ಬಸ್ಸು ಹೊರಡಲು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಓಬಕ್ಕ ಅದರ ಮುಂದೆಯೇ ಹಾದು, ರಸ್ತೆ ದಾಟಿ, ದಾವಣಗೆರೆ ಕಡೆಯ, ಊರಿಗೆ ಮರಳುವ ಬಸ್ಸು ನಿಲ್ಲುವ ಜಾಗಕ್ಕೆ ಹೋದಳು. ನಾನು ನೋಡಿದೆ. ಕೂಗಲಿಲ್ಲ. ಪ್ರೊಫೆಸರರು ಚಹಾಕ್ಕೆ ಕರೆಯುತ್ತಿದ್ದರು, ಹೋದೆ, ಕುಡಿದೆ.

ಆ ರೈತ ಮುಂದಿನ ತಿಂಗಳು ಬೇರೆ ಕಡೆ ಕೂಡಿಕೆ ಮಾಡಿಕೊಂಡ. ಓಬಕ್ಕ ಆ ಮಾತನ್ನು ಮತ್ತೆ ಎತ್ತಲಿಲ್ಲ. ಉತ್ತರ ಬಂತಾ ಎಂದು ಕೇಳುವುದನ್ನೂ ಬಿಟ್ಟಳು — ಅದು ನನಗೆ ಎಷ್ಟು ನಿರಾಳವಾಯಿತು ಎಂಬುದನ್ನೂ ಬರೆದುಬಿಡಬೇಕು.

ಐದಾರು ವರ್ಷದ ಮೇಲೆ ದಾವಣಗೆರೆಯ ಸಮಾರಂಭವೊಂದರಲ್ಲಿ ಆ ಸಿನಿಮಾ ಮಾಡಿದವರು ಸಿಕ್ಕರು. ಆಮೇಲೆ ಅವನು ಬಂದನಾ ಸಾರ್ ಎಂದೆ. "ನನಗೂ ಗೊತ್ತಿಲ್ಲ ಮೇಷ್ಟ್ರೇ. ಎಲ್ಲರೂ ಯಾಕಿಷ್ಟು ನಿಧಾನ ಅಂತಲೇ ಕೇಳ್ತಾರೆ. ಇದನ್ನ ಯಾರೂ ಕೇಳಿರಲಿಲ್ಲ. ಯಾರಿಗೆ ಹೊಳೆಯಿತು ಇದು?" ಎಂದರು.

ನನಗೇ ಸಾರ್, ಎಂದೆ. ಅವಳ ಪ್ರಶ್ನೆಯನ್ನೂ ಬಿಡಲಿಲ್ಲ ನಾನು.

ಉತ್ತರವೇ ಇರಲಿಲ್ಲವಲ್ಲ, ಕಳಿಸಿದ್ದರೂ ಏನು ಬರುತ್ತಿತ್ತು — ಹಾಗೆಂದು ಮನಸ್ಸಿಗೆ ಹೇಳಿ ನೋಡಿದೆ. ನಿಲ್ಲುವುದಿಲ್ಲ. ಗೊತ್ತಿಲ್ಲ ಎಂದು ಒಂದು ಸಾಲು ಬಂದಿದ್ದರೆ, ಅಷ್ಟು ತಿಳಿದವನಿಗೂ ಗೊತ್ತಿಲ್ಲವಂತೆ ಎಂದು ತನ್ನ ಬಾಳನ್ನು ತಾನೇ ತೀರ್ಮಾನಿಸುತ್ತಿದ್ದಳು ಓಬಕ್ಕ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಅದನ್ನು ತಡೆದು ಕೂತವನು ನಾನು.

ಹೋದ ತಿಂಗಳು ಇದನ್ನೆಲ್ಲ ಬರೆದು ಜೇಬಿನಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಹುರಿದ ಶೇಂಗಾ ಕೊಟ್ಟಳು. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆಗೆ, ನಮ್ಮ ತಮ್ಮ, ಮೇಷ್ಟ್ರು, ನಮಗೆಲ್ಲ ಕಾಗದ ಬರೀತಿದ್ದೋನು ಎಂದು ತೋರಿಸಿದಳು. ಓದಲಾಗಲಿಲ್ಲ. ಕಾಗದ ಬೆವರಿಗೆ ಒದ್ದೆಯಾಗಿತ್ತು. ಶೇಂಗಾ ತಿಂದು ಎದ್ದು ಬಂದೆ.

ಅದಕ್ಕೇ ಅಚ್ಚಿಗೆ ಕೊಡುತ್ತಿದ್ದೇನೆ. ಅಚ್ಚಾದ ಮೇಲೆ ನನಗೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಅವಳ ಹೆಸರು ಬದಲಾಯಿಸಿಲ್ಲ — ಆ ಮಾತುಗಳು ಅವಳವೆಂದು ಎಲ್ಲಾದರೂ ಒಂದು ಕಡೆ ಇರಬೇಕು. ಇವತ್ತು ನಮ್ಮ ಕೇರಿಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರಿದ್ದಾರೆ. ಅವರಲ್ಲಿ ನೀನು ಯಾರೇ ಆಗಿರು, ಇದನ್ನು ಓಬಕ್ಕನ ಮುಂದೆ ಕೂತು ಓದು ಮಗಳೇ. ನನ್ನನ್ನು ಉಳಿಸಲು ಒಂದು ಮಾತನ್ನೂ ಬಿಡಬೇಡ. ಅವಳು ಏನು ಹೇಳುತ್ತಾಳೋ, ಬೈಗುಳವಾದರೂ ಸರಿ, ಅವಳು ಹೇಳಿದ ಹಾಗೆಯೇ ಬರೆದುಕೋ. ಬರೆದದ್ದನ್ನು ಅವಳಿಗೆ ಓದಿ ಹೇಳು. ಹೆಬ್ಬೆಟ್ಟು ಆಮೇಲೆ ಒತ್ತಿಸು.