ಕೈಗುಣ ಕೆಡಬಾರದೆಂದು

ಡಾಕ್ಟರುಗಳು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ: ಈ ಕಸುಬಿನಲ್ಲಿ ತೃಪ್ತಿ ಇದೆಯಾ? ಒಬ್ಬರು ಸಂಪಾದನೆ ಅನ್ನುತ್ತಾರೆ, ಇನ್ನೊಬ್ಬರು ಗೌರವ ಅನ್ನುತ್ತಾರೆ. ಸರ್ಕಾರಿ ನೌಕರಿಯವರು ಕಣ್ತುಂಬ ನಿದ್ದೆ ಸಿಕ್ಕರೆ ಸಾಕಪ್ಪ ಅನ್ನುತ್ತಾರೆ. ನನ್ನ ತೃಪ್ತಿ ಎಲ್ಲಿಂದ ಬರುತ್ತಿತ್ತು ಎಂದು ಹೇಳಿದರೆ ಅವರು ನಗುತ್ತಾರೆ.

ಹಿಂದೂಪುರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ಕು. ನನ್ನ ಕೈಗುಣ ಒಳ್ಳೆಯದು ಎಂಬ ಸುದ್ದಿ ಹೇಗೆ ಹುಟ್ಟಿತೋ ಗೊತ್ತಿಲ್ಲ. ತೆಲುಗಿನವರು ಅದನ್ನೇ ಹಸ್ತವಾಸಿ ಅನ್ನುತ್ತಾರೆ. ಓದು, ಡಿಗ್ರಿ, ಗೋಡೆಯ ಮೇಲಿನ ಸರ್ಟಿಫಿಕೇಟು ಯಾವುದಕ್ಕೂ ಕಿಮ್ಮತ್ತಿಲ್ಲ. ಕೈ ಒಳ್ಳೆಯದಿರಬೇಕು, ಅಷ್ಟೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಚೀಲದ ತುಂಬ ಔಷಧಿ ತಂದವರೂ, ಕೊಡಿಕೊಂಡದ ಚೆಕ್‌ಪೋಸ್ಟ್ ದಾಟಿ ಮನೆ ಸೇರುವ ಮುಂಚೆ ನನ್ನಲ್ಲಿಗೆ ಬರುತ್ತಾರೆ.

"ಮೊದಲ್ನೇ ಮಾತ್ರೆ ನಿಮ್ ಕೈಯಾಗೆ ಕೊಟ್ಬುಡಿ ಮೇಡಂ. ಮಿಕ್ಕಿದ್ದು ನಾವು ನೋಡ್ಕಂತೀವಿ."

ಶುರುವಿನಲ್ಲಿ ನಾನೇನು ತಾಯಿತ ಕಟ್ಟುವವಳೇ ಎಂದು ರೇಗುತ್ತಿದ್ದೆ. ಪರಿಗಿ ಕಡೆಯ ಜನ ಬೈಸಿಕೊಂಡೂ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಸಾಕಾಗಿ ಕೊಟ್ಟೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನನಗೆ ಹಿಡಿಸಿತು. ಮಾತ್ರೆ ನುಂಗಿದ ಕೂಡಲೇ ಅವರ ಮುಖದಿಂದ ಭಯ ಇಳಿಯುವುದು ಕಾಣುತ್ತಿತ್ತು. ಯಾವ ಚಿನ್ನದ ಪದಕದಿಂದಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಈಗಲೂ ಕೊಡುತ್ತೇನೆ. ಆ ಸಂತೋಷ ಮಾತ್ರ ಅಮ್ಮನ ಜೊತೆ ಹೋಯಿತು.

ಅಮ್ಮ ಕಲ್ಯಾಣದುರ್ಗದಲ್ಲಿ ಅಣ್ಣನ ಮನೆಯಲ್ಲಿದ್ದಳು. ಆ ಕಡೆಗೆಲ್ಲ ನನ್ನ ಕೈಯ ಸುದ್ದಿ ಹಂಚಿದವಳೇ ಅವಳು. ಸೆಟ್ಟೂರಿನ ನೆಂಟರಿಗೆ ಜ್ವರ ಬಂದರೂ "ನನ್ ಮಗಳ ಕೈ ಮುಟ್ಟಿಸ್ಕಂಡು ಬಾ ಹೋಗು" ಎಂದು ಬಸ್ಸು ಹತ್ತಿಸುತ್ತಿದ್ದಳು. ಹೋದ ವರ್ಷ ಅವಳಿಗೇ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕದ ಕ್ಯಾನ್ಸರು, ಲಿವರಿಗೂ ಹರಡಿತ್ತು. ಆಪರೇಷನ್ ಆಗುವುದಿಲ್ಲ, ಮಾತ್ರೆಯಲ್ಲೇ ಆದಷ್ಟು ದಿನ ತಳ್ಳೋಣ ಎಂದರು ಬೆಂಗಳೂರಿನ ಡಾಕ್ಟರು. ಅಮ್ಮನಿಗೆ ನಾವು ಏನೂ ಹೇಳಲಿಲ್ಲ.

ಕಲ್ಯಾಣದುರ್ಗಕ್ಕೆ ವಾಪಸು ಕರೆತಂದ ದಿನ ನಾನು ನೀರು, ಮಾತ್ರೆ ಹಿಡಿದು ಅವಳ ಹತ್ತಿರ ಕೂತೆ. ಓದಿದ್ದೆಲ್ಲ ಮರೆತುಬಿಟ್ಟಿದ್ದೆ. ನನ್ನ ಕೈಯಲ್ಲಿ ನಿಜವಾಗಿಯೂ ಏನಾದರೂ ಇದ್ದರೆ ಇವತ್ತು ಕೆಲಸಕ್ಕೆ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅಮ್ಮ ತುಟಿ ಬಿಗಿದು ಮುಖ ತಿರುಗಿಸಿದಳು.

"ನೀನು ಕೊಡಬ್ಯಾಡ. ನಿಮ್ಮತ್ತಿಗೆ ಕೊಡ್ಲಿ."

ಆಮೇಲೆ ಪ್ರತಿ ಭಾನುವಾರ ಹೋದಾಗಲೂ ಅದೇ. ತಲೆ ಬಾಚಿಸಿಕೊಳ್ಳುವಳು, ಕಾಲು ಒತ್ತಿಸಿಕೊಳ್ಳುವಳು. ಔಷಧಿ ಮಾತ್ರ ನನ್ನ ಕೈಯಿಂದ ಕೂಡದು. ಊರಿಗೆಲ್ಲ ಬೇಕಾದ ಕೈ ಹೆತ್ತವಳಿಗೆ ಬೇಡವಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಒಂದು ಭಾನುವಾರ ತಡೆಯಲಾಗದೆ ಜಗಳಕ್ಕೇ ನಿಂತೆ.

"ಸೊಸೆ ಕೈ ಆಯ್ತದೆ, ನಂದು ಆಗಲ್ವಾ?"

"ರೇಗಬ್ಯಾಡ ಕಣಮ್ಮ. ಇದು ವಾಸಿಯಾಗೋ ಕಾಯ್ಲೆ ಅಲ್ಲ ಅಂತ ನಂಗೊತ್ತಿಲ್ವಾ? ನಾನಂತೂ ಹೋಯ್ತೀನಿ. ನಿನ್ ಕೈಯಾಗೆ ಮಾತ್ರೆ ತಗಂಡು ಹೋದ್ರೆ ಜನ ಏನಂತಾರೆ? ಹೆತ್ತ ತಾಯೀನೇ ಉಳಿಸ್ಕಣಾಕೆ ಆಗ್ಲಿಲ್ಲ, ಇನ್ಯಾರ್ನ ಉಳಿಸ್ತಾಳೆ ಅಂತಾರೆ. ನಿನ್ ಕೈ ಕೆಟ್ಟೋಯ್ತದೆ."

ಕೈಗುಣ ಅನ್ನೋದೆಲ್ಲ ಸುಳ್ಳಮ್ಮ ಅಂದೆ. ಅಳು ತಡೆಯಲಾಗಲಿಲ್ಲ.

"ಸುಳ್ಳೋ ನಿಜಾನೋ, ಜನ ನಂಬವ್ರೆ. ನೀನು ಆ ಕಡೆ ಕೂತ್ಕ" ಎಂದು ಅತ್ತಿಗೆಯನ್ನು ಕೂಗಿದಳು.

ಕೊನೆಯವರೆಗೂ ಹಟ ಬಿಡಲಿಲ್ಲ. ನೋವಿಗೆ ಮುದುಡಿಕೊಂಡು ಮಲಗಿದಾಗಲೂ ಎಷ್ಟು ಕೊಡಬೇಕೆಂದು ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ, ಅತ್ತಿಗೆ ಬಾಯಿಗೆ ಹಾಕುತ್ತಿದ್ದರು. ಇಷ್ಟು ವರ್ಷ ಓದಿ ನಾನು ಅಮ್ಮನಿಗೆ ಮಾಡಿದ ವೈದ್ಯ ಅಷ್ಟೇ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಹೋದಳು.

ತಿಥಿಯ ದಿನ ಸೆಟ್ಟೂರಿನಿಂದ ಬಂದಿದ್ದ ಚಿಕ್ಕಮ್ಮ ಎಲ್ಲರೆದುರು ನನ್ನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಬಂಗಾರದಂಥಾ ಕೈ ಕಣಮ್ಮ ಇದು. ಒಂದೇ ಒಂದು ಮಾತ್ರೆ ಈ ಕೈಯಾಗೆ ತಗಂಡಿದ್ರೆ ನಮ್ಮಕ್ಕ ಉಳ್ಕಳ್ಳೋಳು. ಯಾಕೆ ಬ್ಯಾಡ ಅಂದ್ಲೋ!"

ಸುತ್ತ ಕೂತ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಯಾವ ಡಾಕ್ಟರಿಗೂ, ಈ ಕೈಗೂ ಅವಳನ್ನು ಉಳಿಸಲು ಆಗುತ್ತಿರಲಿಲ್ಲ ಎಂದು ಕಿರುಚಬೇಕೆನ್ನಿಸಿತು. ಹಾಗೆ ಹೇಳಿದ್ದರೆ ಅಮ್ಮ ಪಟ್ಟ ಪಾಡೆಲ್ಲ ನೀರುಪಾಲಾಗುತ್ತಿತ್ತು.

"ಹೌದು ಚಿಕ್ಕಮ್ಮ" ಎಂದೆ.